ಬಾಗಿಲು ತೆರೆದ ಮನೆ

ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಇಂದಿಗೂ ಒಂದು ವಿದ್ಯಾಲಯವಿದೆ. ಕ್ರೈಸ್ತ ಧರ್ಮಬೋಧಕರಾಗಬೇಕೆಂಬ ತರುಣರು ಅಲ್ಲಿಗೆ ಬಂದು ವ್ಯಾಸಂಗ ಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇದೇ ಗುಡ್ಡದ ಮೇಲಿನ ಮನೆಯಲ್ಲಿ ಜರ್ಮನಿ ದೇಶದ ಪಾದ್ರಿಯೊಬ್ಬರು ಈ ನಾಡಿನ ಹುಡುಗರೊಡನೆ ಬಾಳುತ್ತಿದ್ದರು. ಅವರ ಹೆಸರು ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್. ೧೮೪೩ನೆಯ ಇಸವಿ ಜುಲೈ ೧ರಂದು ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರತಂದವರೆಂದು ಅವರನ್ನು ನಾಡು ನೆನೆಯುತ್ತದೆ. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆದರೆ ಪತ್ರಿಕೆ ಆ ಬಾಳಿನ ಒಂದು ಕೊಂಬೆ ಮಾತ್ರ. ಅದರ ಬೇರನ್ನು ಅರಸುವವರು ಅವರ ಮನೆಯ ಊಟದ ಪಂಕ್ತಿಯನ್ನೂ, ಅವರು ಯಾರಿಗೆ ಆಶ್ರಯ ಕೊಟ್ಟರೆಂಬುದನ್ನೂ ನೋಡಬೇಕಾಗುತ್ತದೆ.

ಮೊಗ್ಲಿಂಗರು ಹುಟ್ಟಿದ್ದು ೧೮೧೧ನೆಯ ಇಸವಿ ಮೇ ೨೯ರಂದು, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಆ ಸೀಮೆಯಲ್ಲಿ ಆಗ ಕ್ರೈಸ್ತರೊಳಗೆ ಒಂದು ಬಗೆಯ ಭಕ್ತಿಪಂಥ ಬಲವಾಗಿ ಬೇರೂರಿತ್ತು. ಭಾನುವಾರ ಚರ್ಚಿಗೆ ಹೋಗಿಬಂದರೆ ಧರ್ಮ ಮುಗಿಯಲಿಲ್ಲ, ಸೋಮವಾರದ ಕೆಲಸದಲ್ಲಿ, ಅಂಗಡಿಯ ತಕ್ಕಡಿಯಲ್ಲಿ, ನೆರೆಯವರೊಡನೆ ಆಡುವ ಮಾತಿನಲ್ಲಿ ಅದು ಕಾಣಿಸಬೇಕೆಂಬುದು ಆ ಪಂಥದವರ ನಂಬಿಕೆ. ರೈತರೂ ಕುಶಲಕರ್ಮಿಗಳೂ ಸಂಜೆಯ ಹೊತ್ತು ಒಂದು ಮನೆಯಲ್ಲಿ ಸೇರಿ ಬೈಬಲನ್ನು ಓದುತ್ತಿದ್ದರು. ಮೊಗ್ಲಿಂಗರು ಬೆಳೆದದ್ದು ಇಂಥ ಗಾಳಿಯಲ್ಲಿ. ಟ್ಯೂಬಿಂಗನ್ನಿನ ಪ್ರಸಿದ್ಧ ವಿಶ್ವವಿದ್ಯಾಲಯದಲ್ಲಿ ಅವರು ದೇವತಾಶಾಸ್ತ್ರವನ್ನು ಓದಿದರು. ಪ್ರಾಚೀನ ಭಾಷೆಗಳನ್ನು ಕಲಿತರು. ಅಷ್ಟು ಓದಿದವರಿಗೆ ಆ ದೇಶದಲ್ಲಿ ಒಂದು ಊರಿನ ಪಾದ್ರಿಯ ಹುದ್ದೆ, ವಾಸಕ್ಕೆ ಮನೆ, ಜನರ ಗೌರವ ಸುಲಭವಾಗಿ ಸಿಗುತ್ತಿದ್ದವು. ಅದನ್ನು ಬಿಟ್ಟು ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸಂಸ್ಥೆಯನ್ನು ಸೇರಿದರು. ೧೮೧೫ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಬರುತ್ತಿದ್ದ ತರುಣರಲ್ಲಿ ಹೆಚ್ಚಿನವರು ಕೈಕಸುಬಿನ ಮನೆಗಳವರು. ವಿಶ್ವವಿದ್ಯಾಲಯದ ಪದವಿಯನ್ನು ಪಡೆದ ಮೊಗ್ಲಿಂಗರಂಥವರು ಅವರೊಳಗೆ ವಿರಳ.

ಆ ಕಾಲದ ಕನ್ನಡ ಕರಾವಳಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಕೆನರಾ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಬ್ರಿಟಿಷರಲ್ಲದ ಪಾದ್ರಿಗಳು ಭಾರತದಲ್ಲಿ ನೆಲೆಸಲು ೧೮೩೩ರ ಸನದು ಕಾಯಿದೆ ದಾರಿ ಮಾಡಿಕೊಟ್ಟಿತು. ಮರುವರ್ಷವೇ ಹೆಬಿಖ್, ಲೆನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಅದೇ ೧೮೩೪ರಲ್ಲಿ ಕಂಪನಿ ಸರಕಾರ ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಅವನ ರಾಜ್ಯವನ್ನು ವಶಪಡಿಸಿಕೊಂಡಿತ್ತು. ಮೊಗ್ಲಿಂಗರು ಮಂಗಳೂರಿಗೆ ಬಂದದ್ದು ೧೮೩೬ರಲ್ಲಿ. ಕೆಲವೇ ತಿಂಗಳುಗಳಲ್ಲಿ, ೧೮೩೭ರ ಏಪ್ರಿಲಿನಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯಿಂದ ದಂಗೆಯೆದ್ದು ಬಂದ ಜನ ಮಂಗಳೂರನ್ನು ಹೊಕ್ಕು, ಈಗ ಬಾವುಟಗುಡ್ಡವೆಂದು ಕರೆಯುವ ಕಡೆ ತಮ್ಮ ಧ್ವಜವನ್ನು ಏರಿಸಿದರು. ಕಂಪನಿಯ ಸೈನ್ಯ ಆ ದಂಗೆಯನ್ನು ಬಹಳ ಕ್ರೂರವಾಗಿ ಅಡಗಿಸಿತು. ಬಿಳಿಯ ಮೈಬಣ್ಣದವನೆಂದರೆ ಆಳುವವರ ಕಡೆಯವನೆಂದೇ ಜನ ತಿಳಿಯುತ್ತಿದ್ದ ಕಾಲ ಅದು. ಹಾಗೆ ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಾದ್ರಿಗಳು ಸರಕಾರದ ನೌಕರರಲ್ಲದಿದ್ದರೂ ಕಲೆಕ್ಟರರ ಸ್ನೇಹದ ನೆರಳಿನಲ್ಲಿಯೇ ಇದ್ದರು; ಬಲ್ಮಠದ ಜಾಗವೂ ೧೮೪೦ರಲ್ಲಿ ಬ್ಲೇರ್ ಎಂಬ ಕಲೆಕ್ಟರರು ಮಿಷನ್ನಿಗೆ ಕೊಟ್ಟದ್ದು.

ಇಂಥ ಕಡೆಯಲ್ಲಿ ಪ್ರೀತಿಯನ್ನೂ ಮನುಷ್ಯರ ಸಮಾನತೆಯನ್ನೂ ಬೋಧಿಸುವವನಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಅವನು ಎತ್ತರದ ಬಂಗಲೆಯಲ್ಲಿ ವಾಸಿಸಿ, ಆಳುಕಾಳುಗಳನ್ನು ಇಟ್ಟುಕೊಂಡು, ಮೇಜಿನ ಮುಂದೆ ಒಬ್ಬನೇ ಕುಳಿತು ಊಟ ಮಾಡಿ, ಸಂಜೆ ಪೇಟೆಯ ಬೀದಿಗೆ ಹೋಗಿ ಎಲ್ಲರೂ ಒಂದೇ ತಂದೆಯ ಮಕ್ಕಳೆಂದು ಹೇಳಿದರೆ ಕೇಳಿದವರು ಏನೆಂದುಕೊಂಡಾರು? ಮೊಗ್ಲಿಂಗರನ್ನು ಈ ಪ್ರಶ್ನೆ ಕಾಡಿತೆಂಬುದಕ್ಕೆ ಅವರು ನಡೆದುಕೊಂಡ ರೀತಿಯೇ ಸಾಕ್ಷಿ. ಕೆಲವು ಜೊತೆಗಾರರೊಡನೆ ಸೇರಿ ಅವರು ಯುರೋಪಿಯನ್ನರ ಜೀವನಕ್ರಮವನ್ನು ಸಾಧ್ಯವಾದಷ್ಟು ಬಿಟ್ಟು, ಖರ್ಚನ್ನು ತಗ್ಗಿಸಿ, ಈ ನಾಡಿನ ಜನರಂತೆ ಸರಳವಾಗಿ ಬಾಳಲು ಯತ್ನಿಸಿದರು. ದೂರದ ಬಾಸೆಲ್ಲಿನ ಆಡಳಿತ ಸಮಿತಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಈ ದೇಶದ ಬಿಸಿಲು, ಮಳೆ, ಜ್ವರಗಳಿಗೆ ಸಿಕ್ಕಿ ಅನೇಕ ಪಾದ್ರಿಗಳು ಎಳೆಯ ವಯಸ್ಸಿನಲ್ಲಿಯೇ ಸಾಯುತ್ತಿದ್ದುದರಿಂದ ಸಮಿತಿಯವರ ಹಿಂಜರಿಕೆಗೆ ಕಾರಣವೂ ಇತ್ತೆನ್ನಬೇಕು.

ಮೊದಲ ವರ್ಷಗಳಲ್ಲಿ ಮೊಗ್ಲಿಂಗರು ಧಾರವಾಡ, ಹುಬ್ಬಳ್ಳಿಗಳ ಕಡೆಯಲ್ಲಿಯೂ ಇದ್ದರು. ಗದಗ-ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ ಮಿಷನ್ನಿನವರು ಒಂದು ವಸಾಹತನ್ನು ಕಟ್ಟಿ ಬಹಳ ಜನ ತಮ್ಮ ಕಡೆಗೆ ಬರುವರೆಂದು ಕಾದರು. ಅವರು ಎಣಿಸಿದಂತೆ ಆಗಲಿಲ್ಲ. ಗುಂಪುಗುಂಪಾಗಿ ಜನರನ್ನು ಸೇರಿಸುವ ಆಸೆ ಅಲ್ಲಿಗೆ ಕುಂದಿ, ಕೆಲವೇ ಮಂದಿಯೊಡನೆ ಆಳವಾಗಿ ಬಾಳುವ ಕೆಲಸ ಮಂಗಳೂರಿನಲ್ಲಿ ಮುಂದುವರಿಯಿತು.

ಆ ಕೆಲಸಕ್ಕೆ ಬಲ್ಮಠದ ಮನೆ ನೆಲೆಯಾಯಿತು. ಮೊಗ್ಲಿಂಗರು ಅಲ್ಲಿ ಹುಡುಗರಿಗಾಗಿ ನಡೆಸಿದ ವಿದ್ಯಾರ್ಥಿನಿಲಯ ಇಂದಿನ ಅರ್ಥದ ಹಾಸ್ಟೆಲ್ ಆಗಿರಲಿಲ್ಲ. ಗುರುವೂ ಶಿಷ್ಯರೂ ಇದ್ದದ್ದು ಒಂದೇ ಸೂರಿನ ಕೆಳಗೆ. ಹುಡುಗರು ಉಣ್ಣುತ್ತಿದ್ದ ಅನ್ನಸಾರುಗಳೇ ಗುರುಗಳಿಗೂ ಊಟ. ಜಾತಿಭೇದವನ್ನು ಬಾಸೆಲ್ ಮಿಷನ್ ತನ್ನ ಸಭೆಗಳಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿದ್ದುದರಿಂದ ಹಲವು ಜಾತಿಗಳಿಂದ ಬಂದ ಹುಡುಗರು ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರು. ಬಾವಿಯ ನೀರು, ಅಡುಗೆಯ ಪಾತ್ರೆ, ಬಡಿಸುವ ಕೈ ಇವುಗಳಲ್ಲಿಯೇ ಮೇಲುಕೀಳನ್ನು ಅಳೆಯುತ್ತಿದ್ದ ಸಮಾಜದಲ್ಲಿ ಆ ಪಂಕ್ತಿ ದಿನಕ್ಕೆರಡು ಬಾರಿ ನಡೆಯುವ ಪಾಠವಾಗಿತ್ತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಉಪಾಧ್ಯಾಯನಾಗಿದ್ದ ನನಗೆ ಈ ಒಂದು ವಿವರ ಅವರ ದೊಡ್ಡ ಗ್ರಂಥಗಳಿಗಿಂತ ಹೆಚ್ಚಾಗಿ ಮನಸ್ಸಿಗೆ ಹತ್ತಿದೆ. ಪಾಠ ಹೇಳುವಾಗ ಗುರುವಿನ ಮುಖ ಗಂಭೀರವಾಗಿಯೇ ಇರುತ್ತದೆ. ಹಸಿದಾಗ, ಜ್ವರ ಬಂದಾಗ, ಸಿಟ್ಟು ಬಂದಾಗ ಅವನು ಹೇಗಿರುತ್ತಾನೆಂಬುದು ಜೊತೆಯಲ್ಲಿ ವಾಸಿಸುವ ಹುಡುಗರಿಗೆ ಮಾತ್ರ ತಿಳಿಯುತ್ತದೆ. ಆ ಪರೀಕ್ಷೆಗೆ ತನ್ನನ್ನು ತಾನೇ ಒಡ್ಡಿಕೊಳ್ಳುವ ಗುರುಗಳು ಯಾವ ಕಾಲದಲ್ಲಿಯೂ ಹೆಚ್ಚಿಲ್ಲ. ಮುಂದೆ ೧೮೪೭ರಲ್ಲಿ ಬಲ್ಮಠದಲ್ಲಿ ಆರಂಭವಾದ ಧರ್ಮಬೋಧಕರ ವಿದ್ಯಾಲಯಕ್ಕೆ ಈ ಗುರುಕುಲವೇ ಅಡಿಗಲ್ಲಾಯಿತು.

ಮೊಗ್ಲಿಂಗರ ನಂಬಿಕೆಗೆ ಅತ್ಯಂತ ಕಠಿಣವಾದ ಪರೀಕ್ಷೆ ೧೮೪೪ರ ಜನವರಿಯಲ್ಲಿ ಬಂದಿತು. ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ತರುಣರು ಆ ತಿಂಗಳು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಅವರಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಹೆತ್ತವರ ದುಃಖ, ಬಂಧುಗಳ ಕೋಪ, ಪೇಟೆಯ ಜನರ ಉದ್ರೇಕ ಒಟ್ಟಿಗೆ ಸೇರಿದುವು. ಧರ್ಮಾಂತರದ ಕಥೆಗಳನ್ನು ಬರೆಯುವವರು ಸಾಮಾನ್ಯವಾಗಿ ಒಂದು ಕಡೆಯನ್ನು ಮಾತ್ರ ನೋಡುತ್ತಾರೆ. ತಮ್ಮ ಮನಸ್ಸಿಗೆ ಸತ್ಯವೆಂದು ತೋರಿದ್ದನ್ನು ಹಿಡಿದ ಆ ತರುಣರ ಧೈರ್ಯ ನಿಜ. ಹಾಗೆಯೇ ಬದುಕಿರುವ ಮಗನನ್ನು ಸತ್ತವನೆಂದು ಎಣಿಸಬೇಕಾಗಿ ಬಂದ ತಾಯಿಯ ಸಂಕಟವೂ ನಿಜ. ಆನಂದರಾಯರಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಅವರ ಜೊತೆಗೆ ಬರಲಿಲ್ಲ. ತಂದೆತಾಯಿ, ಹೆಂಡತಿ, ನೆಂಟರಿಷ್ಟರು, ಪಿತ್ರಾರ್ಜಿತ ಎಲ್ಲವೂ ಒಂದೇ ದಿನದಲ್ಲಿ ದೂರವಾದುವು.

ಈ ನಷ್ಟಕ್ಕೆ ತಮ್ಮ ಮಾತೇ ಕಾರಣವೆಂಬುದನ್ನು ಮೊಗ್ಲಿಂಗರು ಮರೆಯಲಿಲ್ಲ. ನನ್ನ ಬೋಧನೆಯಿಂದ ಒಬ್ಬನಿಗೆ ಮನೆಯ ಬಾಗಿಲು ಮುಚ್ಚಿತಾದರೆ ನನ್ನ ಮನೆಯ ಬಾಗಿಲು ಅವನಿಗೆ ತೆರೆದಿರಬೇಕೆಂಬ ನ್ಯಾಯ ಅವರ ಮುಂದಿನ ನಡತೆಯುದ್ದಕ್ಕೂ ಕಾಣುತ್ತದೆ. ಆನಂದರಾಯರನ್ನು ಅವರು ಮಗನಂತೆ ನೋಡಿಕೊಂಡರು. ತಂದೆಯ ಹೆಸರನ್ನು ಮಗ ಹೊರುವಂತೆ ಆ ತರುಣ ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ಹೆಸರಾದರು. ೧೮೪೬ರಲ್ಲಿ ಶಿಷ್ಯನನ್ನು ಬಾಸೆಲ್ಲಿಗೆ ಕರೆದೊಯ್ದು, ಜರ್ಮನ್ ತರುಣರಿಗೆ ದೊರೆಯುತ್ತಿದ್ದ ಶಿಕ್ಷಣವೇ ಅವರಿಗೂ ದೊರೆಯುವಂತೆ ಮಾಡಿದರು. ೧೮೫೧ರಲ್ಲಿ ಆನಂದರಾಯರು ಪಾದ್ರಿಯಾಗಿ ಅಭಿಷಿಕ್ತರಾದರು. ಈ ದೇಶದವರು ಉಪದೇಶಿಗಳಾಗಿ ಬಿಳಿಯ ಪಾದ್ರಿಗಳ ಕೈಕೆಳಗೆ ಇರುವುದು ವಾಡಿಕೆಯಾಗಿದ್ದ ಆ ದಿನಗಳಲ್ಲಿ ಬಾಸೆಲ್ಲಿನಲ್ಲಿ ಓದಿ ಅವರಿಗೆ ಸರಿಸಮನಾದ ಪದವಿಯಲ್ಲಿ ಹಿಂದಿರುಗಿದ ಮೊದಲ ಭಾರತೀಯರು ಅವರೇ. ಅನಂತರ ಬಲ್ಮಠದ ವಿದ್ಯಾಲಯದಲ್ಲಿ ಅವರು ಬಹುಕಾಲ ಅಧ್ಯಾಪಕರಾಗಿದ್ದರು.

ಈಗ ಪತ್ರಿಕೆಯ ಮಾತಿಗೆ ಬರೋಣ. ಮಂಗಳೂರಿನಲ್ಲಿ ಮಿಷನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದಿದ್ದರು. ನುಣುಪಾದ ಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಅಂಶವಿರುವ ಮಸಿಯಿಂದ ಅಕ್ಷರಗಳನ್ನು ಮೂಡಿಸಿ, ಕಲ್ಲನ್ನು ಒದ್ದೆಮಾಡಿ, ಅದರ ಮೇಲೆ ಮಸಿಯ ಉರುಳೆಯನ್ನು ಹೊರಳಿಸಿದರೆ ಬರಹವಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ನೀರುಂಡ ಜಾಗ ಮಸಿಯನ್ನು ಒಲ್ಲದು. ಅದರ ಮೇಲೆ ಕಾಗದವನ್ನಿಟ್ಟು ಒತ್ತಿ ಒಂದೊಂದೇ ಪ್ರತಿಯನ್ನು ತೆಗೆಯಬೇಕು. ಇಷ್ಟು ಶ್ರಮದಿಂದ ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ಮಂಗಳೂರ ಸಮಾಚಾರ ಹೊರಡುತ್ತಿತ್ತು. ಊರಿನ ವರ್ತಮಾನ, ಸರಕಾರದ ಅಪ್ಪಣೆಗಳು, ದೂರದೇಶದ ಸುದ್ದಿ, ಕಥೆ, ಗಾದೆ, ದಾಸರ ಹಾಡು ಇವೆಲ್ಲಕ್ಕೂ ಅದರಲ್ಲಿ ಸ್ಥಳವಿತ್ತು. ಕಚೇರಿಯಲ್ಲಿ ನಡೆಯುವುದೇನೆಂದು ತಿಳಿಯದೆ ಗಾಳಿಸುದ್ದಿಯನ್ನೇ ನಂಬಿ ಹೆದರುತ್ತಿದ್ದ ಸಾಮಾನ್ಯರಿಗೆ ಅವರ ಮಾತಿನಲ್ಲಿಯೇ ನಿಜವಾದ ಸಂಗತಿಯನ್ನು ಹೇಳುವುದು ಒಂದು ಸೇವೆಯೆಂದು ಮೊಗ್ಲಿಂಗರು ಭಾವಿಸಿದ್ದರು. ಬಡವರೂ ಕೊಳ್ಳುವಂತೆ ಬೆಲೆಯನ್ನು ಬಹಳ ಕಡಿಮೆ ಇರಿಸಿದರು. ಮಂಗಳೂರಿನಿಂದ ಹದಿನಾರು ಸಂಚಿಕೆಗಳು ಹೊರಟ ಮೇಲೆ, ೧೮೪೪ರಲ್ಲಿ ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆ ಸ್ಥಳಾಂತರವಾಗಿ ಕನ್ನಡ ಸಮಾಚಾರವೆಂಬ ಹೆಸರನ್ನು ಪಡೆಯಿತು.

ಮೊಗ್ಲಿಂಗರ ಬಾಳಿನಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಒಂದು ವಿರೋಧವಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಜಾತಿವಿಚಾರಣೆ, ದೇವವಿಚಾರಣೆ ಎಂಬ ಕಿರುಹೊತ್ತಗೆಗಳನ್ನು ಬರೆದು ಅವರು ಈ ನಾಡಿನ ಜಾತಿಪದ್ಧತಿಯನ್ನೂ ದೇವತಾಪೂಜೆಯನ್ನೂ ಖಂಡಿಸಿದರು. ಜಾತಿಯ ಬಗೆಗೆ ಅವರು ಆಡಿದ ಮಾತನ್ನು ಇಂದು ಬಹುಮಂದಿ ಒಪ್ಪಬಹುದು. ಇತರರ ಪೂಜೆ ಪುರಸ್ಕಾರಗಳ ಬಗೆಗೆ ಅವರ ದೃಷ್ಟಿ ಇಕ್ಕಟ್ಟಿನದಾಗಿತ್ತೆಂದು ಹೇಳದೆ ವಿಧಿಯಿಲ್ಲ. ಬಸವಣ್ಣನವರೂ ದಾಸರೂ ಜಾತಿಯನ್ನು ಅವರಿಗಿಂತ ಎಷ್ಟೋ ಶತಮಾನ ಮೊದಲೇ ಪ್ರಶ್ನಿಸಿದ್ದರು. ಅದೇ ಮೊಗ್ಲಿಂಗರು ೧೮೪೮ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅದೇ ಮಿಷನ್ ಮುದ್ರಣಾಲಯದಿಂದ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಹೊರತಂದರು. ಅದರಲ್ಲಿ ಬಂದುವು ಯಾವುವು? ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಕನಕದಾಸರ ಹರಿಭಕ್ತಿಸಾರ ಮತ್ತು ದಾಸರ ಪದಗಳು. ಹರಿದಾಸರ ಹಾಡುಗಳು ಒಂದು ಸಂಗ್ರಹವಾಗಿ ಅಚ್ಚಾದದ್ದು ಅದೇ ಮೊದಲು.

ಈ ಕೆಲಸ ಎಷ್ಟು ಪ್ರಯಾಸದ್ದೆಂಬುದನ್ನು ಹಸ್ತಪ್ರತಿಗಳ ಪರಿಚಯವಿರುವವರು ಬಲ್ಲರು. ಓಲೆಗರಿಗಳನ್ನೂ ಕಾಗದದ ಪ್ರತಿಗಳನ್ನೂ ಊರೂರುಗಳಿಂದ ತರಿಸಬೇಕು. ಒಂದು ಪ್ರತಿಯಲ್ಲಿ ಇರುವ ಪದ್ಯ ಇನ್ನೊಂದರಲ್ಲಿ ಇರುವುದಿಲ್ಲ. ಲಿಪಿಕಾರನ ಕೈತಪ್ಪು ಯಾವುದು, ಕವಿಯ ಮಾತು ಯಾವುದು ಎಂದು ತೂಗಿ ನೋಡಬೇಕು. ಪಂಡಿತರ ನೆರವಿಲ್ಲದೆ ಇದು ಆಗದು. ನಮ್ಮ ಮೈಸೂರಿನಲ್ಲಿ ಪ್ರಾಚ್ಯ ಪುಸ್ತಕ ಭಂಡಾರ ಸ್ಥಾಪನೆಯಾದದ್ದು ೧೮೯೧ರಲ್ಲಿ. ಅದಕ್ಕೆ ನಾಲ್ಕು ದಶಕಗಳ ಮೊದಲೇ ಮಂಗಳೂರಿನಲ್ಲಿ ಈ ಕಾರ್ಯ ನಡೆದಿತ್ತು. ಇದಕ್ಕೆ ಬೇಕಾದ ಹಣವನ್ನು ಮಿಷನ್ ಕೊಡಲಿಲ್ಲ. ಮದರಾಸು ಸರಕಾರದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾಗಿದ್ದ ಕಾಸಾಮೇಜರ್ ಎಂಬವರು ತಮ್ಮ ಕೈಯಿಂದ ವೆಚ್ಚವನ್ನು ಭರಿಸಿದರು.

ತಮ್ಮ ಧರ್ಮವನ್ನು ಹರಡಲು ಬಂದವರು ಇತರರ ಧರ್ಮಗ್ರಂಥಗಳನ್ನು ಏಕೆ ಅಚ್ಚು ಹಾಕಿದರು? ಜನರ ಮನಸ್ಸನ್ನು ಅರಿಯದೆ ಅವರಿಗೆ ಬೋಧಿಸಲು ಬಾರದು, ಅದಕ್ಕಾಗಿ ಪಾದ್ರಿಗಳು ಈ ಪುಸ್ತಕಗಳನ್ನು ಓದಬೇಕು ಎಂಬುದು ಒಂದು ಕಾರಣ. ಕಾರಣ ಅಷ್ಟೇ ಆಗಿದ್ದರೆ ಕೆಲವು ಸಾರಸಂಗ್ರಹಗಳು ಸಾಕಾಗುತ್ತಿದ್ದುವು. ದೊಡ್ಡ ದೊಡ್ಡ ಕಾವ್ಯಗಳನ್ನು ಅಚ್ಚು ಹಾಕಿ ಓದುಗರ ಕೈಗೆ ಕೊಡುವ ಅಗತ್ಯವಿರಲಿಲ್ಲ. ನೆರೆಯವನನ್ನು ಪ್ರೀತಿಸೆಂಬ ಕಟ್ಟಳೆಯನ್ನು ನಂಬಿದವರು ನೆರೆಯವನು ಪ್ರೀತಿಸುವುದನ್ನು ಕೆಡಿಸದೆ ಅವನಿಗೇ ಒಪ್ಪಿಸಿದರೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಪೂಜೆಯ ವಿಷಯದಲ್ಲಿ ಇಕ್ಕಟ್ಟಾಗಿದ್ದ ಮನಸ್ಸು ಪಾಠದ ವಿಷಯದಲ್ಲಿ ಇಷ್ಟು ಉದಾರವಾದದ್ದು ಹೇಗೆಂದು ಅನೇಕ ಸಲ ಯೋಚಿಸಿದ್ದೇನೆ. ಟ್ಯೂಬಿಂಗನ್ ವಿಶ್ವವಿದ್ಯಾಲಯ ಈ ಗ್ರಂಥಮಾಲೆಯನ್ನು ಮೆಚ್ಚಿ ೧೮೫೮ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ನೀಡಿತು. ಆ ವೇಳೆಗೆ ಅವರು ಗ್ರಂಥಗಳಿಂದ ದೂರವಾಗಿ ಕೊಡಗಿನ ಕಾಡಿನಲ್ಲಿದ್ದರು.

ಅವರು ಕೊಡಗಿಗೆ ಹೋದ ಕಥೆ ಹೀಗಿದೆ. ರಾಜ್ಯವನ್ನು ಕಳೆದುಕೊಂಡ ಚಿಕ್ಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದೊಯ್ದ. ೧೮೫೨ರಲ್ಲಿ ಆ ಬಾಲೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆಯಾಗಿ ನಿಂತಳು. ಅರಮನೆಯ ವೈಭವದಲ್ಲಿ ನಡೆದ ಆ ಸಮಾರಂಭದ ಸುದ್ದಿ ಎಲ್ಲೆಡೆ ಹರಡಿತು. ಕೆಲವೇ ತಿಂಗಳ ಮೇಲೆ, ೧೮೫೩ರ ಜನವರಿಯಲ್ಲಿ, ಕೊಡಗಿನ ಅಲ್ಲಮಂಡ ಮನೆತನದ ಸೋಮಯ್ಯ ಎಂಬವನು ಮಂಗಳೂರಿನಲ್ಲಿ ದೀಕ್ಷೆ ಪಡೆದು ಸ್ಟೆಫನಾಸ್ ಸೋಮಯ್ಯನಾದ. ಅವನಿಗೆ ಯಾವ ರಾಣಿಯ ಆಸರೆಯೂ ಇರಲಿಲ್ಲ. ಊರಿಗೆ ಹಿಂದಿರುಗಿದರೆ ಮನೆಯವರು ಸೇರಿಸರು. ಕೊಡವರಲ್ಲಿ ಭೂಮಿ ಒಬ್ಬೊಬ್ಬನದಲ್ಲ, ಇಡೀ ಒಕ್ಕದ್ದು; ಒಕ್ಕದಿಂದ ಹೊರಗಾದವನಿಗೆ ಗದ್ದೆಯೂ ಇಲ್ಲ, ಐನ್‌ಮನೆಯೂ ಇಲ್ಲ, ಸತ್ತರೆ ಹೊರುವವರೂ ಇಲ್ಲ.

ಮೊಗ್ಲಿಂಗರಿಗೆ ಆಗ ನಲವತ್ತು ದಾಟಿತ್ತು. ಆರೋಗ್ಯ ಕುಗ್ಗಿತ್ತು. ಕಟ್ಟಿ ಬೆಳೆಸಿದ ಬಲ್ಮಠದ ಕೆಲಸ ಒಂದು ನೆಲೆಗೆ ಬಂದಿತ್ತು. ಇಷ್ಟಾದರೂ ಅವರು ಸೋಮಯ್ಯನನ್ನು ಒಬ್ಬನೇ ಕಳುಹಿಸಲಿಲ್ಲ. ತಾವೂ ಅವನ ಜೊತೆಯಲ್ಲಿ ಘಟ್ಟವನ್ನು ಹತ್ತಿ ಕೊಡಗಿನಲ್ಲಿ ನೆಲೆಸಿದರು. ಮಿಷನ್ ಆಗ ಕೊಡಗಿನಲ್ಲಿ ಕೇಂದ್ರವನ್ನು ತೆರೆದಿರಲಿಲ್ಲ. ಹೊಸ ಹೊರೆಯನ್ನು ಹೊರಲು ಅದಕ್ಕೆ ಮನಸ್ಸೂ ಇರಲಿಲ್ಲ. ಒಬ್ಬ ಮನುಷ್ಯನಿಗಾಗಿ ಊರನ್ನು ಬದಲಾಯಿಸುವುದು ಲೆಕ್ಕಾಚಾರದವರಿಗೆ ಅವಿವೇಕವಾಗಿ ಕಂಡೀತು. ಲೆಕ್ಕವನ್ನೇ ನೋಡುವುದಾದರೆ ಕೊಡಗಿನಲ್ಲಿ ಅವರು ಸೋತರೆಂದೇ ಹೇಳಬೇಕು. ಸೋಮಯ್ಯನನ್ನು ಅನುಸರಿಸಿದ ಕೊಡವರು ತೀರ ಕಡಿಮೆ. ಮೊಗ್ಲಿಂಗರಂತೂ ಆ ನಾಡಿನ ಇತಿಹಾಸವನ್ನೂ ಆಚಾರವಿಚಾರಗಳನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿ, ೧೮೫೫ರಲ್ಲಿ ಕೊಡಗಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಅವರ ಮನೆಗೆ ಬಂದವರು ಬೇರೆಯ ಜನ. ಕೊಡಗಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ದಲಿತ ಕುಟುಂಬಗಳು ಅರಸರ ಕಾಲದಿಂದ ಒಡೆಯರ ಭೂಮಿಗೆ ಕಟ್ಟುಬಿದ್ದ ಜೀತದಾಳುಗಳಾಗಿದ್ದುವು. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆ ಇಲ್ಲವೆಂದು ೧೮೪೩ರಲ್ಲಿ ಕಾಯಿದೆಯಾದರೂ, ಇರಲು ಗುಡಿಸಲಿಗೆ ಜಾಗವೂ ಉಳಲು ಅಂಗೈಯಗಲ ನೆಲವೂ ಇಲ್ಲದವರಿಗೆ ಆ ಸ್ವಾತಂತ್ರ್ಯ ಕಾಗದದ ಮೇಲೆಯೇ ಉಳಿದಿತ್ತು. ಇಂಥ ಜನ ಮೊಗ್ಲಿಂಗರನ್ನು ಅರಸಿಕೊಂಡು ಬಂದಾಗ ಅವರಿಗೆ ಬೋಧನೆಗಿಂತ ಮೊದಲು ಬೇಕಾದದ್ದು ನೆಲವೆಂಬುದು ಸ್ಪಷ್ಟವಾಯಿತು. ೧೮೫೦ರ ದಶಕದ ಕೊನೆಯ ವರ್ಷಗಳಲ್ಲಿ ಕಾಡಿನ ನಡುವೆ ಅವರಿಗಾಗಿ ಒಂದು ಊರು ತಲೆಯೆತ್ತಿತು. ಈ ಕಾರ್ಯಕ್ಕೆ ಕೈಹಿಡಿದವರು ಮಂಗಳೂರಿನಲ್ಲಿ ಮನೆಯನ್ನು ಕಳೆದುಕೊಂಡಿದ್ದ ಆ ಶಿಷ್ಯ ಆನಂದರಾಯರು. ಊರಿಗೆ ಆನಂದಪುರವೆಂದು ಅವರ ಹೆಸರೇ ಬಂದಿತು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರೊಬ್ಬರ ಹೆಸರನ್ನು ಹೊತ್ತ ಊರಿನಲ್ಲಿ, ನೋಡಿದರೆ ಮೈಲಿಗೆಯೆನ್ನಿಸಿಕೊಂಡಿದ್ದವರು ಮನೆ ಕಟ್ಟಿ ಒಲೆ ಹೂಡಿದರು. ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಕೊಡಗನ್ನು ಹೊಕ್ಕು ಸಿದ್ದಾಪುರದ ಕಡೆಗೆ ಹೋಗುವವರಿಗೆ ಆನಂದಪುರ ಇಂದಿಗೂ ಕಾಫಿ ತೋಟಗಳ ನಡುವೆ ಕಾಣಸಿಗುತ್ತದೆ.

ಮೊಗ್ಲಿಂಗರು ಬಹಳ ಕಾಲ ಅವಿವಾಹಿತರಾಗಿಯೇ ಇದ್ದರು. ಅವರ ಸೋದರ ಸಂಬಂಧಿಯೂ ಆಪ್ತಮಿತ್ರರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಬೈಬಲಿನ ಕ‌ನ್ನಡ ಅನುವಾದದಲ್ಲಿ ಬಹಳವಾಗಿ ದುಡಿದ ವಿದ್ವಾಂಸರು. ೧೮೫೫ರಲ್ಲಿ ವೈಗ್ಲೆ ಮಂಗಳೂರಿನಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಪರದೇಶದಲ್ಲಿ ಎಳೆಯ ಮಕ್ಕಳೊಡನೆ ಉಳಿದ ಅವರ ಪತ್ನಿ ಪೌಲೀನಾರನ್ನು ಮೊಗ್ಲಿಂಗರು ಮದುವೆಯಾಗಿ, ಆ ಮಕ್ಕಳಿಗೆ ತಂದೆಯಾದರು. ಕೊಡಗಿನ ಮಳೆಗಾಲ, ಹಣದ ಮುಗ್ಗಟ್ಟು, ಹೊಸ ಊರಿನ ಚಿಂತೆ ಇವೆಲ್ಲದರಲ್ಲಿ ಪೌಲೀನಾ ಪಾಲುಗೊಂಡರು. ಆದರೆ ಆಕೆಯ ದೇಹಸ್ಥಿತಿ ಕೆಟ್ಟಿತು. ೧೮೬೦ರಲ್ಲಿ ದಂಪತಿಗಳು ಯುರೋಪಿಗೆ ಹಿಂದಿರುಗಬೇಕಾಯಿತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ತರುಣರಾಗಿ ಬಂದಿದ್ದವರು ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತಿದರು. ಮತ್ತೆ ಅವರು ಕನ್ನಡ ನಾಡನ್ನು ಕಾಣಲಿಲ್ಲ.

ಜರ್ಮನಿಯಲ್ಲಿ ಅವರು ಇನ್ನೂ ಇಪ್ಪತ್ತೊಂದು ವರ್ಷ ಬಾಳಿದರು. ಅಲ್ಲಿಗೆ ಹೋದವರೇ ಮಾಡಿದ ಕೆಲಸಗಳಲ್ಲಿ ಒಂದು ದಾಸರ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಅನುವಾದಿಸಿ ೧೮೬೦ರಲ್ಲಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದುದು. ಮತಪ್ರಚಾರಕ್ಕೆ ಅದರಿಂದ ಆಗಬೇಕಾದುದೇನೂ ಇರಲಿಲ್ಲ. ಕನ್ನಡಕ್ಕೆ ಒಂದು ದೊಡ್ಡ ನಿಘಂಟು ಆಗಬೇಕೆಂಬ ಹಂಬಲವನ್ನು ಅವರು ಕೊನೆಯವರೆಗೂ ಇರಿಸಿಕೊಂಡಿದ್ದರು. ಆ ಹೊರೆಯನ್ನು ಹೊತ್ತವರು ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್. ಮೊಗ್ಲಿಂಗರು ೧೮೮೧ನೆಯ ಇಸವಿ ಮೇ ೧೦ರಂದು ಎಸ್ಲಿಂಗನ್ ಊರಿನಲ್ಲಿ ತೀರಿಕೊಂಡರು. ಎರಡು ವರ್ಷಗಳ ತರುವಾಯ, ಐವತ್ತು ದಾಟಿದ್ದ ಕಿಟ್ಟೆಲರು ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿ ಬಿಟ್ಟು, ನಿಘಂಟಿನ ಕೆಲಸವನ್ನು ಮುಗಿಸಲು ಒಬ್ಬರೇ ಕರ್ನಾಟಕಕ್ಕೆ ಹಿಂದಿರುಗಿದರು. ೧೮೯೪ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಿತು. ಅದನ್ನು ನೋಡಲು ಆನಂದರಾಯರೂ ಇರಲಿಲ್ಲ. ಹಿಂದಿನ ವರ್ಷ ಅವರು ತೀರಿಕೊಂಡಿದ್ದರು.